ಪರದೇಶದಲ್ಲಿ ಕಡಲ ದಾರಿ: ದಾವಣಗೆರೆ, ಚಿತ್ರದುರ್ಗದಿಂದ ಹೊರಡುವ ಇಬ್ಬರು ಗೆಳೆಯರಿಗೆ ಯಾವ ದೇಶ ಸರಿ?

ಫೋಟೊ ನೋಡಿ ದೇಶ ಆರಿಸಿದವರು ಬಾಡಿಗೆ ಕಾರಿನ ಕೌಂಟರ್ ಹತ್ತಿರ ಸಿಕ್ಕಿಕೊಳ್ಳುತ್ತಾರೆ. ಯಾವ ಕಡಲು ಚಂದ ಎನ್ನುವ ಪ್ರಶ್ನೆ ಆಮೇಲಿನದು. ಇಬ್ಬರಲ್ಲಿ ಗಾಡಿ ಓಡಿಸುವವರು ಎಷ್ಟು ಜನ, ರಜೆ ಸಿಗುವುದು ಯಾವ ತಿಂಗಳು, ಕೈಯಲ್ಲಿರುವ ಡಿಎಲ್ ಆ ದೇಶದಲ್ಲಿ ನಡೆಯುತ್ತದೆಯೇ, ಈ ಮೂರಕ್ಕೆ ಉತ್ತರ ಸಿಕ್ಕರೆ ನಾಲ್ಕು ದೇಶಗಳ ಪಟ್ಟಿ ತಾನಾಗಿಯೇ ಒಂದೋ ಎರಡೋ ಆಗುತ್ತದೆ.

ಇಲ್ಲಿ ಹೋಲಿಸಿರುವುದು ನಾಲ್ಕನ್ನು. ಶ್ರೀಲಂಕಾದ ಕೊಲಂಬೊ–ಗಾಲೆ–ಮಾತರ ಕರಾವಳಿ, ಒಮಾನ್‌ನ ಮಸ್ಕತ್–ಸುರ್ ದಾರಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿರುವ ಗ್ರೇಟ್ ಓಷನ್ ರೋಡ್, ವಿಯೆಟ್ನಾಂನ ದನಾಂಗ್–ಹ್ವೆ ನಡುವಿನ ಹಾಯ್ ವಾನ್ ಘಾಟಿ. ಕೊನೆಯದನ್ನು ಸೇರಿಸಿದ್ದು ಎಲ್ಲರೂ ಅದನ್ನೇ ಕೇಳುತ್ತಾರೆಂದು. ಅದರಲ್ಲಿ ಒಂದು ತೊಡಕಿದೆ, ಮುಂದೆ ಬರುತ್ತದೆ.

ಕಾಗದಪತ್ರ ಮೊದಲು

ನಮ್ಮ ಆರ್‌ಟಿಓ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ, 1949ರ ಜಿನೀವಾ ಒಪ್ಪಂದದ ಪ್ರಕಾರದ್ದು. ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ಸೇವೆಗಳ ಅಡಿಯಲ್ಲಿ ಅರ್ಜಿ ಹಾಕಬೇಕು. ನಮೂನೆ 4ಎ, ಶುಲ್ಕ 1,000 ರೂಪಾಯಿ, ಜೊತೆಗೆ ಡಿಎಲ್, ಪಾಸ್‌ಪೋರ್ಟ್ ಪ್ರತಿ. ದಾವಣಗೆರೆಯವರಿಗೆ ಕೆಎ-17, ಚಿತ್ರದುರ್ಗದವರಿಗೆ ಕೆಎ-16 ಕಚೇರಿ. ವಿಳಾಸ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ. ಪರ್ಮಿಟ್ ಬಾಳುವುದು ಹೆಚ್ಚೆಂದರೆ ಒಂದು ವರ್ಷ, ಆದ್ದರಿಂದ ಆರು ತಿಂಗಳು ಮುಂಚೆಯೇ ಮಾಡಿಸಿಟ್ಟುಕೊಂಡರೆ ಅಷ್ಟು ದಿನ ದಂಡ. ಮೂಲ ಡಿಎಲ್ ಜೊತೆಗಿಲ್ಲದ ಐಡಿಪಿಗೆ ಎಲ್ಲೂ ಬೆಲೆಯಿಲ್ಲ. ಡಿಎಲ್‌ನಲ್ಲಿ ಬೈಕ್ ವರ್ಗ ಇಲ್ಲದಿದ್ದರೆ ಐಡಿಪಿಯಲ್ಲೂ ಬರುವುದಿಲ್ಲ.

ನಮ್ಮ ಕಡೆಯವರಿಗೆ ಕಾಟ ಕೊಡುವುದು ಹೆಸರು. ಡಿಎಲ್‌ನಲ್ಲಿ ‘ಮಂಜುನಾಥ ಕೆ. ಟಿ.’, ಪಾಸ್‌ಪೋರ್ಟ್‌ನಲ್ಲಿ ‘ಕೋಡಿಹಳ್ಳಿ ತಿಪ್ಪೇಸ್ವಾಮಿ ಮಂಜುನಾಥ’, ಕ್ರೆಡಿಟ್ ಕಾರ್ಡ್ ಮೇಲೆ ‘ಮಂಜುನಾಥ್ ತಿಪ್ಪೇಸ್ವಾಮಿ’. ಇಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಅಲ್ಲಿಯ ಕೌಂಟರ್‌ನವನಿಗೆ ಇನಿಷಿಯಲ್ ಅಂದರೇನೆಂದೇ ಗೊತ್ತಿರುವುದಿಲ್ಲ. ಮೂರು ಬೇರೆ ಬೇರೆ ಜನ ಎಂದು ಕೀ ಕೊಡದೆ ಕೂರುತ್ತಾನೆ. ಮೊದಲು ಡಿಎಲ್ ಹೆಸರನ್ನು ಪಾಸ್‌ಪೋರ್ಟ್‌ಗೆ ಹೊಂದಿಸಿ, ಆಮೇಲೆ ಐಡಿಪಿಗೆ ಹಾಕಿ. ಉಲ್ಟಾ ಮಾಡಿದರೆ ಸಾವಿರ ರೂಪಾಯಿ ಎರಡು ಸಲ ಕಟ್ಟಬೇಕಾಗುತ್ತದೆ.

ಈಗ ದೇಶಗಳಿಗೆ ಬರೋಣ. ಆಸ್ಟ್ರೇಲಿಯಾದಲ್ಲಿ ಇಂಗ್ಲಿಷ್‌ನಲ್ಲಿರುವ ಡಿಎಲ್ ಸಾಕು, ಪ್ರವಾಸಿಗರಿಗೆ ತೊಂದರೆಯಿಲ್ಲ. ಆದರೂ ಬಾಡಿಗೆ ಕಂಪನಿಗಳು ಕೇಳುವುದುಂಟು, ಐಡಿಪಿ ಇಟ್ಟುಕೊಳ್ಳಿ. ಒಮಾನ್‌ನಲ್ಲಿ ಐಡಿಪಿ ಮತ್ತು ಡಿಎಲ್ ಎರಡೂ ಬೇಕು. ಶ್ರೀಲಂಕಾದಲ್ಲಿ ಐಡಿಪಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ: ಕೊಲಂಬೊದಲ್ಲಿರುವ ಆಟೊಮೊಬೈಲ್ ಅಸೋಸಿಯೇಷನ್ ಆಫ್ ಸಿಲೋನ್ ಅದಕ್ಕೊಂದು ಅನುಮತಿ ಪತ್ರ ಕೊಡಬೇಕು, ಇಲ್ಲವೇ ಅಲ್ಲಿಯ ಮೋಟಾರು ಸಂಚಾರ ಇಲಾಖೆಯಿಂದ ತಾತ್ಕಾಲಿಕ ಲೈಸೆನ್ಸ್ ಪಡೆಯಬೇಕು. ಗಾಡಿ ಬಾಡಿಗೆಗೆ ಕೊಡುವವರಲ್ಲಿ ಹಲವರು ನಿಮ್ಮ ಪ್ರತಿಗಳನ್ನು ತರಿಸಿಕೊಂಡು ಇದನ್ನು ಮೊದಲೇ ಮಾಡಿಸಿಡುತ್ತಾರೆ. ಬುಕ್ ಮಾಡುವಾಗಲೇ ಬಾಯಿಬಿಟ್ಟು ಕೇಳಿ.

ವಿಯೆಟ್ನಾಂ ತೊಡಕು ಇಲ್ಲೇ ಇರುವುದು. ಆ ದೇಶ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್ ಮಾತ್ರ. ನಮ್ಮದು 1949ರದ್ದು. ಅಂದರೆ 50 ಸಿಸಿ ಮೀರಿದ ಬೈಕನ್ನಾಗಲಿ ಕಾರನ್ನಾಗಲಿ ಭಾರತೀಯ ಐಡಿಪಿ ತೋರಿಸಿ ಓಡಿಸುವುದು ಅಲ್ಲಿ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ. ಬೈಕ್ ಬಾಡಿಗೆಗೆ ಕೊಡುವ ಅಂಗಡಿಯವನು ಇದನ್ನು ಕೇಳುವುದೇ ಇಲ್ಲ, ಕೀ ಕೊಟ್ಟು ಕಳಿಸುತ್ತಾನೆ. ಅದನ್ನೇ ಅನುಮತಿ ಎಂದುಕೊಂಡವರು ಬಹಳ. ಬಿದ್ದಾಗ ವಿಷಯ ಹೊರಬರುತ್ತದೆ. ಲೈಸೆನ್ಸ್ ಇಲ್ಲದೆ ಓಡಿಸಿದ ಅಪಘಾತ ಎಂದು ಟ್ರಾವೆಲ್ ಇನ್ಶೂರೆನ್ಸ್ ಕೈ ಎತ್ತುತ್ತದೆ, ಆಸ್ಪತ್ರೆ ಬಿಲ್ ಪೂರ್ತಿ ನಿಮ್ಮ ತಲೆ ಮೇಲೆ. ಹಾಗಾಗಿ ವಿಯೆಟ್ನಾಂ ಬೇಕೇ ಬೇಕೆಂದರೆ ಡ್ರೈವರ್ ಇರುವ ಕಾರು, ಅಥವಾ ಅಲ್ಲಿನವರೇ ಓಡಿಸುವ ಬೈಕಿನ ಹಿಂದೆ ಕೂರುವುದು. ಹಾಯ್ ವಾನ್ ಘಾಟಿ ಸುಮಾರು 21 ಕಿ.ಮೀ.; 2005ರಲ್ಲಿ ಸುರಂಗ ಬಂದ ಮೇಲೆ ಭಾರಿ ಸಂಚಾರ ಒಳಗೆ ಹೋಯಿತು, ಮೇಲಿನ ದಾರಿ ನೋಡುವವರ ಪಾಲಾಯಿತು. ಸ್ಟೀರಿಂಗ್ ಕೈಯಲ್ಲಿ ಇಲ್ಲದಿದ್ದರೆ ಅದೆಂಥ ರೋಡ್ ಟ್ರಿಪ್ ಎನ್ನುವವರು ಈ ಹೆಸರನ್ನು ಈಗಲೇ ಹೊಡೆದು ಹಾಕಬಹುದು.

ರಜೆ ಯಾವಾಗ ಎನ್ನುವುದೇ ಅರ್ಧ ತೀರ್ಮಾನ

ನಾಲ್ಕೂ ಕಡಲಿಗೆ ಒಳ್ಳೆಯ ಕಾಲ ಬೇರೆ ಬೇರೆ, ನಮ್ಮ ರಜೆಗಳಿಗೆ ಅವು ಹೊಂದುವುದೂ ಅಷ್ಟಕ್ಕಷ್ಟೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಶ್ರೀಲಂಕಾದ ನೈರುತ್ಯ ಕರಾವಳಿ, ಅಂದರೆ ಗಾಲೆ, ಮಿರಿಸ್ಸ, ಮಾತರ ಕಡೆ, ತಿಳಿಯಾಗಿರುತ್ತದೆ. ಸಂಕ್ರಾಂತಿ ಆಸುಪಾಸು ಹೋಗುವವರಿಗೆ ಅದರಷ್ಟು ಚೆನ್ನಾದ್ದು ಬೇರಿಲ್ಲ. ನಾಯಕನಹಟ್ಟಿ ತೇರು ಮುಗಿಸಿಕೊಂಡು ಹೊರಡುತ್ತೇವೆ ಎನ್ನುವವರಿಗೆ ಆ ಋತುವಿನ ಕೊನೆಯ ವಾರಗಳಷ್ಟೇ ಸಿಗುತ್ತವೆ. ಮೇ ನಡುವಿನಿಂದ ಆ ತೀರಕ್ಕೆ ಮುಂಗಾರು ಬಡಿಯುತ್ತದೆ. ಆಗ ದ್ವೀಪದ ಪೂರ್ವ ದಂಡೆಯ ಅರುಗಂ ಬೇ ಕಡೆ ಹೋಗಬಹುದು, ಆದರೆ ಅದು ಬೇರೆಯದೇ ದಾರಿ, ಬೇರೆಯದೇ ಪ್ರವಾಸ.

ಒಮಾನ್‌ಗೆ ನವೆಂಬರ್‌ನಿಂದ ಮಾರ್ಚ್. ಏಪ್ರಿಲ್ ದಾಟಿದ ಮೇಲೆ ಮಸ್ಕತ್ ಬಿಸಿಲು 40 ಡಿಗ್ರಿ ಮೀರುವುದು ಮಾಮೂಲು. ಬಯಲುಸೀಮೆಯ ಬಿಸಿಲು ಉಂಡವರು ನಾವು, ಏನಾಗುತ್ತೆ ಎನ್ನಬೇಡಿ. ಚಳ್ಳಕೆರೆಯ ಬಿಸಿಲು ಒಣ ಬಿಸಿಲು, ಮಸ್ಕತ್‌ನದು ಕಡಲ ಆವಿ ಕಲೆಸಿದ ಬಿಸಿಲು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದ ಸಲಾಲಾ ಮಾತ್ರ ಖರೀಫ್ ಮಳೆಯಲ್ಲಿ ಹಸಿರಾಗುತ್ತದೆ. ಅದು ಮಸ್ಕತ್‌ನಿಂದ ಸುಮಾರು 1,000 ಕಿ.ಮೀ., ನಡುವೆ ಬರೀ ಮರುಭೂಮಿ. ಮಳೆ ಮಂಜು ಬೇಕಾದರೆ ಆಗುಂಬೆ ಹತ್ತಿರವೇ ಇದೆಯಲ್ಲ.

ಮಕ್ಕಳ ಪರೀಕ್ಷೆ ಮುಗಿದು ಏಪ್ರಿಲ್–ಮೇ ಮಾತ್ರ ಸಿಗುವವರಿಗೆ ಉಳಿಯುವುದು ಎರಡು. ಆಸ್ಟ್ರೇಲಿಯಾದಲ್ಲಿ ಆಗ ಶರತ್ಕಾಲ, ಜನ ಕಡಿಮೆ, ಬಿಸಿಲು ಹದ. ವಿಯೆಟ್ನಾಂ ನಡುಭಾಗದಲ್ಲೂ ಆಗ ಒಣಹವೆ. ದಸರಾ ರಜೆಯಲ್ಲಿ ಹೊರಡುವವರು ವಿಯೆಟ್ನಾಂ ಬಿಡಿ, ಅಕ್ಟೋಬರ್‌ನಲ್ಲಿ ಅಲ್ಲಿ ಪ್ರವಾಹದ ಮಳೆ. ಶ್ರೀಲಂಕಾದಲ್ಲೂ ಅಕ್ಟೋಬರ್–ನವೆಂಬರ್ ಮಧ್ಯಾಹ್ನದ ಗುಡುಗು ಮಳೆಯ ಕಾಲ. ಡಿಸೆಂಬರ್ ಕೊನೆಯಲ್ಲಿ ಆಸ್ಟ್ರೇಲಿಯಾ ಬೇಡ: ಅವರಿಗೂ ಬೇಸಿಗೆ ರಜೆ, ಕೊಠಡಿ ಸಿಗುವುದಿಲ್ಲ, ಸಿಕ್ಕರೆ ಬೆಲೆ ಕೇಳಿಯೇ ವಾಪಸ್ ಬರಬೇಕು, ಮೇಲೆ ಕಾಳ್ಗಿಚ್ಚಿನ ಕಾಲ.

ಎಡವೋ ಬಲವೋ, ಕಡಲು ಯಾವ ಕೈಗೆ

ಶ್ರೀಲಂಕಾ, ಆಸ್ಟ್ರೇಲಿಯಾಗಳಲ್ಲಿ ನಮ್ಮ ಹಾಗೆ ಎಡಬದಿ ಸಂಚಾರ. ಒಮಾನ್, ವಿಯೆಟ್ನಾಂ ಬಲಬದಿ. ಬಲಬದಿ ಓಡಿಸಲು ನೇರ ರಸ್ತೆಯಲ್ಲಿ ಕಷ್ಟವೇನಿಲ್ಲ, ಮುಂದಿನ ಗಾಡಿ ಹಿಂಬಾಲಿಸಿದರಾಯಿತು. ತಪ್ಪಾಗುವುದು ಮೂರು ಹೊತ್ತಿನಲ್ಲಿ: ಬೆಳಿಗ್ಗೆ ಹೋಟೆಲ್ ಗೇಟಿನಿಂದ ಹೊರಬರುವಾಗ, ಪೆಟ್ರೋಲ್ ಹಾಕಿಸಿ ರಸ್ತೆಗೆ ಏರುವಾಗ, ಖಾಲಿ ರಸ್ತೆಯಲ್ಲಿ ಎಡಕ್ಕೆ ತಿರುಗುವಾಗ. ಮೂರೂ ಕಡೆ ಎದುರಿಗೆ ಗಾಡಿ ಇರುವುದಿಲ್ಲ, ಕೈ ಹಳೇ ಅಭ್ಯಾಸಕ್ಕೆ ಜಾರುತ್ತದೆ. ಪಕ್ಕದಲ್ಲಿ ಕೂತ ಗೆಳೆಯನ ಕೆಲಸ ಇಲ್ಲಿಯೇ. ಪ್ರತಿ ತಿರುವಿನಲ್ಲೂ ‘ಬಲಗಡೆ, ಬಲಗಡೆ’ ಎಂದು ಬಾಯಲ್ಲಿ ಹೇಳಬೇಕು. ಮೊದಲ ದಿನ ನಗು ಬರುತ್ತದೆ, ಎರಡನೇ ದಿನ ನಿಲ್ಲಿಸುತ್ತಾರೆ, ತಪ್ಪಾಗುವುದು ಆಗಲೇ. ಇನ್ನೊಂದು ಚಿಕ್ಕ ವಿಷಯ: ಎಡ ಸ್ಟೀರಿಂಗ್ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಎಡಗೈಗೆ ಇರುತ್ತದೆ. ಸಿಗ್ನಲ್ ಹಾಕಲು ಹೋಗಿ ಮೊದಲೆರಡು ದಿನ ವೈಪರ್ ಆಡಿಸುತ್ತೀರಿ. ಗೇರೂ ಬಲಗೈಗೆ ಬರುವುದರಿಂದ ಒಮಾನ್‌ನಲ್ಲಿ ಆಟೊಮ್ಯಾಟಿಕ್ ಕಾರನ್ನೇ ಕೇಳಿ.

ಬಹಳ ಜನ ನಕ್ಷೆ ನೋಡುವಾಗ ಗಮನಿಸದ ಒಂದು ಲೆಕ್ಕವಿದೆ. ಯಾವ ದಿಕ್ಕಿಗೆ ಹೊರಟರೆ ಕಡಲು ನಿಮ್ಮ ಪಥದ ಪಕ್ಕಕ್ಕೇ ಬರುತ್ತದೆ ಎಂಬುದು. ಪಕ್ಕಕ್ಕಿದ್ದರೆ ಕಂಡ ಕಂಡಲ್ಲಿ ನಿಲ್ಲಿಸಬಹುದು. ಆಚೆ ಬದಿಗಿದ್ದರೆ ಎದುರಿನ ಸಾಲು ದಾಟಬೇಕು ಅಥವಾ ಮುಂದೆ ಹೋಗಿ ಸುತ್ತು ಹಾಕಿ ಬರಬೇಕು.

ಕೊಲಂಬೊದಿಂದ ಗಾಲೆಗೆ ಇಳಿಯುವಾಗ ಕಡಲು ಬಲಕ್ಕೆ, ನೀವು ಎಡಕ್ಕೆ. ಎದುರಿನಿಂದ ಖಾಸಗಿ ಬಸ್‌ಗಳು ಬಿಟ್ಟ ಬಾಣದಂತೆ ಬರುತ್ತಿರುತ್ತವೆ. ಆದ್ದರಿಂದ ಹೋಗುವಾಗ ಸದರ್ನ್ ಎಕ್ಸ್‌ಪ್ರೆಸ್‌ವೇ ಹಿಡಿದು ನೇರ ಮಾತರಕ್ಕೆ ಹೋಗಿ, ಬರುವಾಗ ಎ2 ಕರಾವಳಿ ರಸ್ತೆಯಲ್ಲಿ ನಿಧಾನಕ್ಕೆ ಕೊಲಂಬೊ ಕಡೆ ಬನ್ನಿ. ಆಗ ಕಡಲು ಎಡಕ್ಕೆ, ಗೆಳೆಯ ಕೂತ ಕಿಟಕಿಗೆ, ಸಂಜೆ ಸೂರ್ಯನೂ ಅದೇ ಬದಿಗೆ ಮುಳುಗುತ್ತಾನೆ. ಮಸ್ಕತ್‌ನಿಂದ ಸುರ್‌ಗೆ ಹೋಗುವಾಗ ಕಡಲು ಎಡಕ್ಕೆ, ನಿಮ್ಮ ಪಥ ಬಲಕ್ಕೆ. ಹಾಗಾಗಿ ಅಲ್ಲೂ ಮೊದಲ ದಿನ ತುದಿ ಮುಟ್ಟಿ, ವಾಪಸ್ ಬರುವಾಗ ನೋಡುತ್ತಾ ಬರುವುದೇ ಸರಿ. ಗ್ರೇಟ್ ಓಷನ್ ರೋಡ್ ಇದಕ್ಕೆ ತದ್ವಿರುದ್ಧ. ಅದರ ಪೂರ್ವ ತುದಿಯ ಟಾರ್ಕಿಯಿಂದ ಪಶ್ಚಿಮಕ್ಕೆ ಹೊರಟರೆ ಉದ್ದಕ್ಕೂ ಕಡಲು ಎಡಕ್ಕೇ ಇರುತ್ತದೆ, ಆದ್ದರಿಂದ ಅದನ್ನು ಹೋಗುವಾಗಲೇ ಮಾಡಿ, ವಾಪಸ್ಸಿಗೆ ಒಳನಾಡಿನ ಪ್ರಿನ್ಸಸ್ ಹೈವೇ ಹಿಡಿಯಿರಿ.

ಶ್ರೀಲಂಕಾ: ಮೊದಲ ಸಲ ಹೋಗುವವರಿಗೆ

ಬೆಂಗಳೂರಿನಿಂದ ವಿಮಾನ ಸುಮಾರು ಒಂದೂವರೆ ಗಂಟೆ. ಚಿತ್ರದುರ್ಗದಿಂದ ಬೆಂಗಳೂರು ಮುಟ್ಟಲು ಅದರ ಎರಡು ಪಟ್ಟು ಹೊತ್ತು ಬೇಕು. ನಮ್ಮ ಒಂದು ರೂಪಾಯಿಗೆ ಅವರ ಮೂರು ರೂಪಾಯಿಗೂ ಮೇಲೆ ಸಿಗುತ್ತದೆ. ಹೊರಡುವ ಮುಂಚೆ ಇಟಿಎ, ಅಂದರೆ ಆನ್‌ಲೈನ್ ಪ್ರಯಾಣ ಅನುಮತಿ, ಮಾಡಿಸಿ, ಸರ್ಕಾರಿ ಜಾಲತಾಣದಲ್ಲೇ. ಹೋಲುವ ಹೆಸರಿನ ದಲ್ಲಾಳಿ ತಾಣಗಳು ಹೆಚ್ಚು ದುಡ್ಡು ಕೀಳುತ್ತವೆ.

ಕೊಲಂಬೊ–ಗಾಲೆ ಸುಮಾರು 120 ಕಿ.ಮೀ., ನಮ್ಮ ದಾವಣಗೆರೆ–ಚಿತ್ರದುರ್ಗ ಹೋಗಿ ಬಂದಷ್ಟು. ನಮ್ಮ ಹೆದ್ದಾರಿಯ ಲೆಕ್ಕದಲ್ಲಿ ಎರಡು ಗಂಟೆ ಎಂದುಕೊಂಡರೆ ಕೆಟ್ಟಿರಿ. ಎ2 ರಸ್ತೆ ಊರು ಮುಗಿದು ಊರು ಶುರುವಾಗುವ ದಾರಿ, ಮೂರು ಗಂಟೆಗೂ ಮೇಲೆ. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗಮಿತಿ 100, ಒಂದೂಕಾಲು ಗಂಟೆ ಸಾಕು, ಆದರೆ ಅದು ಒಳನಾಡಿನಲ್ಲಿದೆ, ಕಡಲು ಕಾಣುವುದಿಲ್ಲ. ಆಟೊ ಬಾಡಿಗೆಗೆ ಪಡೆದು ತಾವೇ ಓಡಿಸುವ ಖಯಾಲಿ ಅಲ್ಲಿ ಜೋರಾಗಿದೆ. ಆಟೊ, ಬೈಕ್ ಎರಡಕ್ಕೂ ಎಕ್ಸ್‌ಪ್ರೆಸ್‌ವೇ ಬಂದ್, ಅದು ನೆನಪಿರಲಿ. ಇಬ್ಬರೇ ಇದ್ದು ಒಬ್ಬನೇ ಓಡಿಸುವವನಾದರೆ ಡ್ರೈವರ್ ಸಮೇತ ಕಾರು ತೆಗೆದುಕೊಳ್ಳುವುದು ಲೇಸು. ಡ್ರೈವರ್‌ಗೆ ಮಲಗಲು ಕೊಠಡಿ ಇರುವ ಹೋಟೆಲ್‌ಗಳು ಬೇಕಾದಷ್ಟಿವೆ, ಬುಕ್ ಮಾಡುವಾಗ ಕೇಳಿಕೊಳ್ಳಿ.

ಏಳು ಸುತ್ತಿನ ಕೋಟೆ ನೋಡಿ ಬೆಳೆದವರಿಗೆ ಗಾಲೆ ಕೋಟೆ ಎತ್ತರದಲ್ಲಿ ಏನೂ ಅನ್ನಿಸಲಿಕ್ಕಿಲ್ಲ. ಆದರೆ ಪೋರ್ಚುಗೀಸರು ಶುರುಮಾಡಿ ಡಚ್ಚರು ಗಟ್ಟಿಮಾಡಿದ ಆ ಗೋಡೆಯ ಬುಡಕ್ಕೇ ಅಲೆ ಹೊಡೆಯುತ್ತದೆ, ಮೇಲೆ ನಡೆದು ಸುತ್ತು ಹಾಕಬಹುದು. 1988ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಮಾತರ ದಾಟಿದರೆ ದೊಂದ್ರ, ದ್ವೀಪದ ದಕ್ಷಿಣ ತುದಿ.

ಸಸ್ಯಾಹಾರಿಗಳು ಒಂದು ಮಾತು ಕೇಳಿ. ತೆಂಗಿನ ತುರಿಯ ಪೋಲ್ ಸಂಬೋಲ್ ನೋಡಿದರೆ ನಮ್ಮ ಕಾಯಿ ಚಟ್ನಿಯ ತಂಗಿ. ಅದರೊಳಗೆ ‘ಉಂಬಲಕಡ’ ಎಂಬ ಒಣಮೀನಿನ ಚೂರು ಹಾಕುವುದು ರೂಢಿ, ಎಷ್ಟೋ ತರಕಾರಿ ಪಲ್ಯಕ್ಕೂ ಬೀಳುತ್ತದೆ. ‘ವೆಜ್’ ಎಂದರೆ ಮಾಂಸದ ತುಂಡಿಲ್ಲ ಎಂದಷ್ಟೇ ಅರ್ಥ ಮಾಡಿಕೊಳ್ಳುವವರಿದ್ದಾರೆ. ‘ಮಾಳು ಎಪಾ, ಉಂಬಲಕಡ ಎಪಾ’ ಎನ್ನಿ: ಮೀನು ಬೇಡ, ಒಣಮೀನು ಬೇಡ. ಹುಣ್ಣಿಮೆ ದಿನ ಪೋಯ ರಜೆ, ಮದ್ಯ ಮಾರುವುದಿಲ್ಲ. ಅದಕ್ಕಾಗಿಯೇ ಹೊರಟಿದ್ದರೆ ಪಂಚಾಂಗ ನೋಡಿ ಹೊರಡಿ.

ಒಮಾನ್: ಓಡಿಸುವ ಆಸೆ ಇರುವವರಿಗೆ

ಮಸ್ಕತ್–ಸುರ್ ಸುಮಾರು 200 ಕಿ.ಮೀ., ಚಿತ್ರದುರ್ಗ–ಬೆಂಗಳೂರಿನಷ್ಟು. ರಸ್ತೆ ಮಾತ್ರ ನುಣುಪು, ವೇಗಮಿತಿ ಹಲವೆಡೆ 120, ರಾಡಾರ್ ಕಂಬಗಳು ಒಂದರ ಹಿಂದೊಂದು. ದಂಡ ನಿಮ್ಮ ಕೈಗೆ ಬರುವುದಿಲ್ಲ, ಬಾಡಿಗೆ ಕಂಪನಿ ಕಾರ್ಡಿನಿಂದ ಮುರಿದುಕೊಳ್ಳುತ್ತದೆ, ಜೊತೆಗೆ ತನ್ನ ಸೇವಾಶುಲ್ಕ. ವೃತ್ತದಲ್ಲಿ ಒಳಗಿರುವ ಗಾಡಿಗೇ ಮೊದಲ ಹಕ್ಕು. ಸಂಜೆ ಮೇಲೆ ಒಂಟೆಗಳು ರಸ್ತೆಗೆ ಬರುತ್ತವೆ. ಕಾಲು ಉದ್ದ, ಮೈ ಮೇಲೆ. ಗುದ್ದಿದರೆ ಮೈ ನೇರ ಗಾಜಿನ ಮೇಲೇ ಬೀಳುತ್ತದೆ. ಕತ್ತಲಾಗುವುದರೊಳಗೆ ಕೊಠಡಿ ಸೇರಿಕೊಳ್ಳಿ.

ಪೆಟ್ರೋಲ್ ಅಗ್ಗ. ಲೀಟರಿಗೆ 240 ಬೈಸಾ ಹಿಡಿಯಿರಿ, 1,000 ಬೈಸಾಗೆ ಒಂದು ರಿಯಾಲ್. ಸುರ್ ದಾಟಿ ಆಮೆಗಳ ರಾಸ್ ಅಲ್ ಜಿನ್ಜ್ ನೋಡಿ ಮಸ್ಕತ್‌ಗೆ ಮರಳಿದರೆ ಸುಮಾರು 500 ಕಿ.ಮೀ.; ಲೀಟರಿಗೆ 12 ಕಿ.ಮೀ. ಕೊಟ್ಟರೂ 42 ಲೀಟರ್, ಹತ್ತು ರಿಯಾಲ್. ರಿಯಾಲ್ ಒಂದಕ್ಕೆ 200 ರೂಪಾಯಿಗೂ ಮೇಲಿದ್ದರೂ ಇಬ್ಬರ ನಡುವೆ ಹಂಚಿದರೆ ಏನೂ ಅಲ್ಲ. ದುಬಾರಿ ಬೀಳುವುದು ಕೊಠಡಿ.

ದಾರಿಯಲ್ಲಿ ಬಿಮ್ಮಾ ಸಿಂಕ್‌ಹೋಲ್, ವಾದಿ ಶಾಬ್, ವಾದಿ ತಿವಿ. ವಾದಿ ಶಾಬ್‌ಗೆ ಒಂದು ರಿಯಾಲ್ ಕೊಟ್ಟು ಚಿಕ್ಕ ದೋಣಿಯಲ್ಲಿ ದಾಟಿ, ಮುಕ್ಕಾಲು ಗಂಟೆ ಕಲ್ಲು ಹಾದಿ ನಡೆಯಬೇಕು. ಕೊನೆಯ ತುಂಡು ಈಜಿಯೇ ಹೋಗಬೇಕು, ಕಾಲು ನಿಲುಕದ ಆಳವೂ ಇದೆ. ತೋಟದ ಬಾವಿಯಲ್ಲಿ ಈಜು ಕಲಿತವರು ನಿಭಾಯಿಸುತ್ತಾರೆ, ಬಾರದವರು ದಡದಲ್ಲೇ ನಿಲ್ಲಲಿ. ವಾದಿ ಎಂದರೆ ಕಣಿವೆಯ ಹಳ್ಳ. ಮೇಲೆ ಎಲ್ಲೋ ಬೆಟ್ಟದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ನುಗ್ಗುತ್ತದೆ. ಹರಿಯುವ ವಾದಿಗೆ ಕಾರು ಇಳಿಸುವುದು ಅಲ್ಲಿ ಅಪರಾಧ, ಇನ್ಶೂರೆನ್ಸೂ ಸಿಗುವುದಿಲ್ಲ. ಜಲ್ಲಿ ದಾರಿಗೆ ಸೆಡಾನ್ ನುಗ್ಗಿಸಿದರೂ ಅಷ್ಟೇ.

ಊಟಕ್ಕೆ ಚಿಂತೆಯಿಲ್ಲ, ಮಸ್ಕತ್‌ನ ರುವಿಯಲ್ಲಿ ಇಡ್ಲಿ ದೋಸೆ ಸಿಗುತ್ತದೆ. ಬೆಣ್ಣೆ ದೋಸೆಯ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಗ್ರೇಟ್ ಓಷನ್ ರೋಡ್: ಹತ್ತು ದಿನ ಮತ್ತು ದುಡ್ಡು ಇರುವವರಿಗೆ

ಟಾರ್ಕಿಯಿಂದ ಆಲನ್ಸ್‌ಫರ್ಡ್‌ವರೆಗೆ 243 ಕಿ.ಮೀ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಹಾರೆ ಹಿಡಿದು ಕಡಿದ ದಾರಿ, ಮಡಿದ ಜೊತೆಗಾರರ ನೆನಪಿಗೆ. ಓಡಿಸಲು ನಾಲ್ಕರಲ್ಲಿ ಇದೇ ಸುಲಭ: ಎಡಬದಿ ಸಂಚಾರ, ಎಲ್ಲರೂ ಸಾಲು ಪಾಲಿಸುತ್ತಾರೆ. ಆಂಗ್ಲಸೀಯಿಂದ ಅಪೊಲೊ ಬೇವರೆಗೆ ತಿರುವು ಜಾಸ್ತಿ, ಆಗುಂಬೆ ಇಳಿದು ಅಭ್ಯಾಸವಿದ್ದವರಿಗೆ ಲೆಕ್ಕಕ್ಕಿಲ್ಲ. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಪಕ್ಕದ ತಂಗುತಾಣಕ್ಕೆ ಸರಿದು ಬಿಟ್ಟುಕೊಡಿ. ಅಲ್ಲಿ ಹಾರ್ನ್ ಹೊಡೆಯುವುದಿಲ್ಲ, ಸುಮ್ಮನೆ ಶಪಿಸುತ್ತಾರೆ.

ಮೆಲ್ಬರ್ನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಎಲ್ಲರೂ ಮಾಡುವ ತಪ್ಪು. ಹನ್ನೆರಡು ಗಂಟೆ ಮೀರುತ್ತದೆ, ವಾಪಸ್ಸಿನಲ್ಲಿ ಕತ್ತಲು, ಕತ್ತಲಲ್ಲಿ ಕಾಂಗರೂ. ಎರಡು ರಾತ್ರಿ ಇಡಿ: ಅಪೊಲೊ ಬೇಯಲ್ಲಿ ಒಂದು, ಪೋರ್ಟ್ ಕ್ಯಾಂಬೆಲ್‌ನಲ್ಲಿ ಒಂದು. ನಡುವಿನ ಸುಮಾರು 95 ಕಿ.ಮೀ.ನಲ್ಲಿ ಬಂಕ್‌ಗಳು ವಿರಳ, ಅಪೊಲೊ ಬೇಯಲ್ಲೇ ಟ್ಯಾಂಕ್ ತುಂಬಿಸಿ. ‘ಟ್ವೆಲ್ವ್ ಅಪಾಸಲ್ಸ್’ ಎಂಬ ಕಲ್ಲುಕಂಬಗಳು ಹನ್ನೆರಡಿಲ್ಲ; 2005ರಲ್ಲಿ ಒಂದು ಕುಸಿದ ಮೇಲೆ ಎಂಟು ಉಳಿದಿವೆ. ಬೆಳಿಗ್ಗೆ ಬೇಗ ಅಥವಾ ಸೂರ್ಯ ಮುಳುಗುವಾಗ ಹೋದರೆ ಟೂರ್ ಬಸ್ಸುಗಳ ಗದ್ದಲ ಇರುವುದಿಲ್ಲ.

ಖರ್ಚಿನ ಭಾರ ವಿಮಾನದ್ದು, ವೀಸಾದ್ದು. ವಿಸಿಟರ್ ವೀಸಾ ಶುಲ್ಕವೇ ತಲೆಗೆ ಸುಮಾರು 200 ಆಸ್ಟ್ರೇಲಿಯನ್ ಡಾಲರ್, ತಿರಸ್ಕಾರವಾದರೆ ವಾಪಸ್ ಇಲ್ಲ. ತಿಂಡಿ ಗಂಟಿನಲ್ಲಿ ಹಾಲಿನ ಸಿಹಿ, ಪೇಡ ಇಡಬೇಡಿ, ವಿಮಾನ ನಿಲ್ದಾಣದಲ್ಲೇ ಕಸಿಯುತ್ತಾರೆ. ಮಂಡಕ್ಕಿ, ಚಟ್ನಿಪುಡಿ ಏನೇ ಇದ್ದರೂ ಆಗಮನ ಚೀಟಿಯಲ್ಲಿ ‘ಇದೆ’ ಎಂದು ಬರೆಯಿರಿ. ಬರೆದರೆ ಹೆಚ್ಚೆಂದರೆ ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಇಬ್ಬರ ನಡುವಿನ ಲೆಕ್ಕ, ಕಾರಿನ ಲೆಕ್ಕ

ಇಬ್ಬರೂ ಓಡಿಸುವುದಾದರೆ ಇಬ್ಬರ ಹೆಸರೂ ಒಪ್ಪಂದದಲ್ಲಿ ಇರಬೇಕು. ಎರಡನೇ ಡ್ರೈವರ್‌ಗೆ ದಿನಕ್ಕಿಷ್ಟು ಎಂದು ಹೆಚ್ಚುವರಿ ಕೇಳುತ್ತಾರೆ. ಅದನ್ನು ಉಳಿಸಲು ಹೋಗಿ ಹೆಸರಿಲ್ಲದವನು ಸ್ಟೀರಿಂಗ್ ಹಿಡಿದಾಗ ಗೀಚಿದರೆ ಇನ್ಶೂರೆನ್ಸ್ ಪೂರ್ತಿ ಹೋಯಿತು. ಡಿಪಾಸಿಟ್‌ಗೆ ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು. ಗೆಳೆಯನ ಕಾರ್ಡ್, ಡೆಬಿಟ್ ಕಾರ್ಡ್, ಫಾರೆಕ್ಸ್ ಕಾರ್ಡ್ ಹಲವು ಕಡೆ ನಡೆಯುವುದಿಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿ, ಮಿತಿ ಏರಿಸಿ; ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಅಗ್ಗದ ಇನ್ಶೂರೆನ್ಸ್ ಎಂದರೆ ಅಪಘಾತವಾದಾಗ ಮೊದಲ ಇಷ್ಟು ಮೊತ್ತ ನಿಮ್ಮ ಕೈಯಿಂದ ಎಂದರ್ಥ. ಆಸ್ಟ್ರೇಲಿಯಾದಲ್ಲಿ ಅದು ಹಲವು ಸಾವಿರ ಡಾಲರ್ ಇರುತ್ತದೆ. ಟೈರು, ಮುಂದಿನ ಗಾಜು, ಗಾಡಿಯ ತಳ ಹೆಚ್ಚಿನ ಪಾಲಿಸಿಗಳಲ್ಲಿ ಸೇರುವುದಿಲ್ಲ, ಕರಾವಳಿ ದಾರಿಯಲ್ಲಿ ಕೆಡುವುದು ಅವೇ. ಪೆಟ್ರೋಲ್ ತುಂಬಿಸಿ ತಂದು ತುಂಬಿಸಿ ಕೊಡುವ ಷರತ್ತನ್ನೇ ಆರಿಸಿ.

ವಿಮಾನಕ್ಕೆ ಹೋಗುವಾಗ ಬೆಂಗಳೂರು ಒಳಗೆ ನುಗ್ಗದೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ, ಹೆಬ್ಬಾಳದ ಜಾತ್ರೆ ತಪ್ಪುತ್ತದೆ. ಆದರೆ ರಾತ್ರಿ ವಿಮಾನ ಇಳಿದು ತಾವೇ ಓಡಿಸಿಕೊಂಡು ದಾವಣಗೆರೆಗೆ ಬರುವ ಯೋಚನೆ ಬೇಡ. ಪರದೇಶದ ಘಾಟಿಗಿಂತ ಬೆಳಗಿನ ಜಾವದ ಹಿರಿಯೂರು ನೇರ ರಸ್ತೆಯಲ್ಲಿ ತೂಕಡಿಕೆ ಜೋರು.

ಕಾರು ಪಡೆಯುವಾಗ ಸುತ್ತಲೂ ವಿಡಿಯೊ ಮಾಡಿ: ನಾಲ್ಕು ಚಕ್ರದ ರಿಮ್, ಬಂಪರ್ ಕೆಳಭಾಗ, ಛಾವಣಿ, ಪೆಟ್ರೋಲ್ ಮುಳ್ಳು. ಕೊಡುವಾಗ ಅದನ್ನೇ ಮತ್ತೆ ಮಾಡಿ. ಡಿಪಾಸಿಟ್ ಬಿಡುಗಡೆಯಾಗಲು ಎರಡು ಮೂರು ವಾರ ಹಿಡಿಯುವುದುಂಟು, ಅದು ಕಾರ್ಡಿಗೆ ವಾಪಸ್ ಬೀಳುವ ತನಕ ಆ ವಿಡಿಯೊ ಅಳಿಸಬೇಡಿ.